ಹರಿದ ಕೆಂಪು ಬಾವುಟ

ಹಳೇ ಕಾರುಗಳ ಪ್ರದರ್ಶನ ಅಂದ್ರೆ ನಮಗೆ ನೆನಪಾಗೋದೇನು? ಫಳಫಳ ಹೊಳೆಯೋ ಬಾನೆಟ್ಟು, ಪಕ್ಕದಲ್ಲಿ ಪೇಟ ಸುತ್ತಿಕೊಂಡ ಮಾಲೀಕರು, ಸೆಲ್ಫಿಗೆ ಮುಗಿಬೀಳೋ ಜನ. ಲಂಡನ್ನಿನಲ್ಲಿ ನಡೆಯೋದು ಸ್ವಲ್ಪ ಬೇರೆ. ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಭಾನುವಾರ, ಸೂರ್ಯ ಹುಟ್ಟೋ ಹೊತ್ತಿಗೆ, ಹೈಡ್ ಪಾರ್ಕಿನಲ್ಲಿ ನೂರಾರು ಹಳೇ ಕಾರುಗಳು ಬಂದು ನಿಲ್ಲುತ್ತವೆ. ಒಂದು ಕೆಂಪು ಬಾವುಟವನ್ನು ಎಲ್ಲರೆದುರು ಹರಿದು ಹಾಕುತ್ತಾರೆ. ಆಮೇಲೆ ಕಾರುಗಳು ಸಮುದ್ರ ತೀರದ ಬ್ರೈಟನ್ ಕಡೆ ಹೊರಡುತ್ತವೆ. ದೂರ ಸುಮಾರು 96 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ಮಂಡ್ಯಕ್ಕೆ ಹೋದಷ್ಟು.

ಇದರ ಹೆಸರು ಲಂಡನ್ ಟು ಬ್ರೈಟನ್ ವೆಟರನ್ ಕಾರ್ ರನ್. ನಿಮ್ಮ ಕಾರು ಎಷ್ಟೇ ಕೋಟಿ ಬೆಲೆಯದ್ದಾಗಿರಲಿ, 1905ಕ್ಕಿಂತ ಮೊದಲು ತಯಾರಾಗಿರದಿದ್ದರೆ ಇಲ್ಲಿ ಜಾಗ ಇಲ್ಲ. ಹೀಗಾಗಿ ಬರೋ ಗಾಡಿಗಳು ನೋಡೋಕೆ ಕಾರಿನ ಹಾಗೆ ಇರೋದೇ ಇಲ್ಲ, ಕುದುರೆ ಬಿಚ್ಚಿದ ಸಾರೋಟಿನ ಹಾಗೆ ಇರುತ್ತವೆ. ಕೆಲವಕ್ಕೆ ಸ್ಟೀರಿಂಗ್ ಚಕ್ರ ಇಲ್ಲ, ದೋಣಿಯ ಚುಕ್ಕಾಣಿಯಂಥ ಕೋಲು. ಬಹುಪಾಲು ಗಾಡಿಗಳಿಗೆ ಮೇಲ್ಛಾವಣಿ ಇಲ್ಲ, ಮುಂದೆ ಗಾಜಿಲ್ಲ. ಕೆಲವು ಪೆಟ್ರೋಲಿನವು, ಕೆಲವು ಹಬೆಯವು, ಒಂದೆರಡು ಬ್ಯಾಟರಿಯವು. ಹೌದು, ಎಲೆಕ್ಟ್ರಿಕ್ ಕಾರು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ! ಇದು ರೇಸ್ ಕೂಡ ಅಲ್ಲ. ಮೊದಲು ಮುಟ್ಟಿದವರಿಗೆ ಬಹುಮಾನ ಇಲ್ಲ. ಸಂಜೆಯೊಳಗೆ ಬ್ರೈಟನ್ ಸೇರಿದವರಿಗೆ ಒಂದು ಪದಕ, ಅಷ್ಟೇ. ದಾರಿ ಬದಿಯಲ್ಲಿ ಕೋಟು ಹಾಕಿಕೊಂಡೇ ಕಾರಿನ ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸೋ ಅಜ್ಜಂದಿರು ಬೇಕಾದಷ್ಟು ಜನ ಸಿಗುತ್ತಾರೆ.

ಸರಿ, ಆ ಬಾವುಟ ಯಾಕೆ ಹರಿಯೋದು? ಅದಕ್ಕೆ 1865ಕ್ಕೆ ಹೋಗಬೇಕು. ಆಗ ಬ್ರಿಟನ್ನಿನ ರಸ್ತೆಗಳಲ್ಲಿ ಭಾರಿ ಗಾತ್ರದ ಹಬೆ ಎಂಜಿನ್‌ಗಳು ಓಡಾಡೋಕೆ ಶುರುವಾಗಿದ್ದವು. ಕುದುರೆಗಳು ಬೆದರುತ್ತಿದ್ದವು, ರಸ್ತೆ ಕಿತ್ತು ಹೋಗುತ್ತಿತ್ತು. ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಹಳ್ಳಿ ರಸ್ತೆಯಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ, ಅದಕ್ಕಿಂತ ಜೋರಾಗಿ ಹೋಗೋ ಹಾಗಿಲ್ಲ. ಗಾಡಿಯ ಜೊತೆ ಮೂರು ಜನ ಇರಬೇಕು. ಅವರಲ್ಲಿ ಒಬ್ಬ ಕೆಂಪು ಬಾವುಟ ಹಿಡಿದು 60 ಗಜ ಮುಂದೆ ನಡೀಬೇಕು. 1878ರಲ್ಲಿ ಬಾವುಟದ ಕಡ್ಡಾಯ ಸಡಿಲವಾಯಿತು, ದೂರ 20 ಗಜಕ್ಕೆ ಇಳಿಯಿತು. ಆದರೆ ಮುಂದೆ ನಡೆಯೋ ಮನುಷ್ಯ ಮಾತ್ರ ಹಾಗೇ ಉಳಿದ.

ಅತ್ತ ಜರ್ಮನಿಯಲ್ಲಿ 1886ರಲ್ಲಿ ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ತಗೊಂಡ. 1895ರಲ್ಲಿ ಫ್ರಾನ್ಸ್ ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ವಾಪಸ್ ಬರೋ ರೇಸ್ ನಡೆಸಿತು. ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಎಮಿಲ್ ಲೆವಾಸ್ಸೋರ್ ಎರಡು ದಿನ ಚಿಲ್ಲರೆಯಲ್ಲಿ ಮುಗಿಸಿದ. ಪ್ರಪಂಚಕ್ಕೆ ಹಬೆ ಎಂಜಿನ್ ಕೊಟ್ಟ ಬ್ರಿಟನ್ನಿನಲ್ಲಿ ಇನ್ನೂ ಕಾರಿನ ಮುಂದೆ ಮನುಷ್ಯ ನಡೀತಿದ್ದ.

ಕೊನೆಗೆ 1896ರ ಆಗಸ್ಟ್ 14ರಂದು ಹೊಸ ಕಾನೂನಿಗೆ ರಾಣಿಯ ಅಂಕಿತ ಬಿತ್ತು. ಹಗುರ ವಾಹನಗಳ ಮುಂದೆ ಯಾರೂ ನಡೀಬೇಕಿಲ್ಲ, ವೇಗದ ಮಿತಿ ಗಂಟೆಗೆ 14 ಮೈಲಿ. ಕಾನೂನು ಜಾರಿಗೆ ಬಂದಿದ್ದು ಅದೇ ವರ್ಷ ನವೆಂಬರ್ 14ಕ್ಕೆ. ಅವತ್ತೇ ಬಾವುಟ ಹರಿದು, ಮೂವತ್ತಕ್ಕೂ ಹೆಚ್ಚು ಗಾಡಿಗಳು ಮಳೆಯಲ್ಲಿ ಬ್ರೈಟನ್‌ಗೆ ಹೊರಟವು. ಸುಮಾರು ಅರ್ಧದಷ್ಟು ಮಾತ್ರ ಮುಟ್ಟಿದವು. ಒಂದು ಗಾಡಿಯನ್ನು ರೈಲಲ್ಲಿ ಸಾಗಿಸಿ, ಬ್ರೈಟನ್‌ನಲ್ಲಿ ಇಳಿಸಿ, ಮೈಗೆ ಕೆಸರು ಮೆತ್ತಿ ತೋರಿಸಿದರು ಅನ್ನೋ ಗುಸುಗುಸು ಇವತ್ತಿಗೂ ಇದೆ. ಇದನ್ನೆಲ್ಲ ಸಂಘಟಿಸಿದವನು ಹ್ಯಾರಿ ಲಾಸನ್. ಕಾರಿನ ಪೇಟೆಂಟುಗಳನ್ನು ಕೊಂಡು ಇಡೀ ಉದ್ಯಮವನ್ನು ಮುಷ್ಟಿಯಲ್ಲಿ ಇಟ್ಟುಕೊಳ್ಳೋಕೆ ಹೊರಟ ಆಸಾಮಿ. 1904ರಲ್ಲಿ ಷೇರುದಾರರಿಗೆ ಮೋಸ ಮಾಡಿದ ಕೇಸಿನಲ್ಲಿ ಜೈಲು ಸೇರಿದ.

ಆ ದಿನದ ನೆನಪಿಗೆ 1927ರಲ್ಲಿ ಮತ್ತೆ ಓಟ ನಡೀತು. 1930ರಿಂದ ರಾಯಲ್ ಆಟೋಮೊಬೈಲ್ ಕ್ಲಬ್ ನಡೆಸಿಕೊಂಡು ಬರ್ತಿದೆ. ಮಹಾಯುದ್ಧದ ವರ್ಷಗಳು, ಪೆಟ್ರೋಲ್ ರೇಷನ್ ಇದ್ದ 1947, ಕೋವಿಡ್‌ನ 2020 ಬಿಟ್ಟರೆ ನಿಂತಿಲ್ಲ. ಇಲ್ಲಿಗೆ ಕಥೆ ಮುಗೀಬೇಕಿತ್ತು. ಮೂರ್ಖ ಕಾನೂನು ಸೋತಿತು, ವಿಜ್ಞಾನ ಗೆದ್ದಿತು, ಚಪ್ಪಾಳೆ!

ಆದರೆ ಒಂದು ತಾರೀಖು ನನ್ನನ್ನು ಕಾಡುತ್ತೆ. 1896ರ ಆಗಸ್ಟ್ 17. ಹೊಸ ಕಾನೂನಿಗೆ ಅಂಕಿತ ಬಿದ್ದು ಬರೀ ಮೂರು ದಿನ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಒಂದು ಕಂಪನಿ ಜನರನ್ನು ಕಾರಲ್ಲಿ ಕೂರಿಸಿ ಸುತ್ತಾಡಿಸ್ತಿತ್ತು. ಬ್ರಿಜೆಟ್ ಡ್ರಿಸ್ಕಾಲ್ ಅನ್ನೋ 44 ವರ್ಷದ ಹೆಣ್ಣುಮಗಳು ಮಗಳ ಜೊತೆ ಉತ್ಸವಕ್ಕೆ ಬಂದಿದ್ದರು. ಎದುರಿಗೆ ಬರೋ ಕಾರು ಕಂಡು ಗಾಬರಿಯಾಗಿ ನಿಂತರು. ಕಾರು ಬಡಿಯಿತು, ಅಲ್ಲೇ ಪ್ರಾಣ ಹೋಯಿತು. ಬ್ರಿಟನ್ನಿನಲ್ಲಿ ಪೆಟ್ರೋಲ್ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ತಾನು ಹೋಗ್ತಿದ್ದದ್ದು ಗಂಟೆಗೆ 4 ಮೈಲಿ ವೇಗದಲ್ಲಿ ಅಂದ ಡ್ರೈವರ್. ಆಕಸ್ಮಿಕ ಸಾವು ಅಂತ ತೀರ್ಮಾನ ಆಯಿತು. ಇಂಥದ್ದು ಇನ್ನೊಮ್ಮೆ ಆಗದಿರಲಿ ಅಂತ ವಿಚಾರಣೆ ನಡೆಸಿದ ಅಧಿಕಾರಿ ಆಶಿಸಿದರು.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಮೊದಲ ವರ್ಷವೇ ಒಂದು ಸೂತ್ರ ಕಲಿಸ್ತಾರೆ. ಓಡುವ ವಸ್ತುವಿನ ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ 4 ಮೈಲಿಯಿಂದ 14ಕ್ಕೆ ಏರಿದರೆ ಅದು ಮೂರೂವರೆ ಪಟ್ಟು, ಆದರೆ ಡಿಕ್ಕಿಯ ಹೊಡೆತದ ಶಕ್ತಿ 12 ಪಟ್ಟು. ಆ 14 ಮೈಲಿ ಅಂದ್ರೆ ನಮ್ಮ 22 ಕಿಲೋಮೀಟರ್. ಇವತ್ತು ನಾವು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ಹೋಗ್ತೀವಲ್ಲ, ಅದೇ ತೂಕದ ಗಾಡಿಗೆ ಲೆಕ್ಕ ಹಾಕಿದರೆ, 1896ರ ಆ ಮಿತಿಗಿಂತ ಸುಮಾರು 20 ಪಟ್ಟು ಶಕ್ತಿ. ಸೂತ್ರ ಯಾರ ಮುಖವನ್ನೂ ನೋಡಲ್ಲ.

ಕಾರಿನ ಹಿಂದೆಯೇ ಕಾನೂನೂ ಓಡಿ ಬಂತು. ಬ್ರಿಟನ್ 1903ರ ಕಾಯ್ದೆಯಲ್ಲಿ ನಂಬರ್ ಪ್ಲೇಟು, ಡ್ರೈವಿಂಗ್ ಲೈಸೆನ್ಸ್ ತಂದಿತು. 1914ರಲ್ಲಿ ಅದೇ ಬ್ರಿಟಿಷರು ಭಾರತಕ್ಕೂ ಮೋಟಾರು ವಾಹನ ಕಾಯ್ದೆ ಕೊಟ್ಟರು. ನಮ್ಮ ಆರ್‌ಟಿಓ ಕಚೇರಿಯ ಕ್ಯೂಗೆ ಬೇರು ಅಲ್ಲಿದೆ. ಆದರೂ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ. ಅಂದ್ರೆ ಪ್ರತಿ ಗಂಟೆಗೆ 19 ಜನ. ಆ ಅಧಿಕಾರಿಯ ಆಸೆ ಏನಾಯಿತು ನೋಡಿ.

ನಾಲ್ಕು ಮೈಲಿಯ ಕಾನೂನನ್ನು ಹೊತ್ತುಕೊಂಡು ಮೆರೆಸಿ ಅಂತ ನಾನು ಹೇಳ್ತಿಲ್ಲ. ಹಾಗಿದ್ದಿದ್ದರೆ ಹಳ್ಳಿಗೆ ಆಂಬುಲೆನ್ಸೂ ಬರ್ತಿರಲಿಲ್ಲ. ಆದರೆ ಬಾವುಟ ಹಿಡಿದ ಆ ಮನುಷ್ಯನನ್ನು ಬರೀ ಗೇಲಿ ಮಾಡಿ ಮರೆತುಬಿಟ್ಟೆವು. ರಸ್ತೆಯಲ್ಲಿ ನಡೆಯೋರೂ ಇದ್ದಾರೆ ಅಂತ ನೆನಪಿಸೋದು ಅವನ ಕೆಲಸ ಆಗಿತ್ತು. ಅವನು ಹೋದ, ಆ ಕೆಲಸ ಯಾರಿಗೂ ವಹಿಸಲಿಲ್ಲ. 2023ರಲ್ಲಿ ಮೈಸೂರು ಹೆದ್ದಾರಿಯಲ್ಲಿ ಸಾಲು ಸಾಲು ಹೆಣ ಬಿದ್ದ ಮೇಲೆ ಪೊಲೀಸರು ವೇಗ ಹಿಡಿಯೋ ಕ್ಯಾಮೆರಾ ಹಾಕಿದರು, ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ಮುಖ್ಯ ಪಥದಿಂದ ಹೊರಗೆ ಕಳಿಸಿದರು. ಆ ಕ್ಯಾಮೆರಾ ಬೇರೇನೂ ಅಲ್ಲ, ಕಂಬದ ಮೇಲೆ ನಿಂತ ಕೆಂಪು ಬಾವುಟ. ಅದನ್ನೂ ಬೈಯ್ಯೋರು ನಮ್ಮಲ್ಲಿ ಕಡಿಮೆ ಇಲ್ಲ.

ಹಾಗಾಗಿ ಮುಂದಿನ ಸಲ ಹಳೇ ಕಾರುಗಳ ಪ್ರದರ್ಶನಕ್ಕೆ ಹೋದಾಗ ಹಿತ್ತಾಳೆ ಹಾರ್ನು, ಚರ್ಮದ ಸೀಟು ನೋಡಿ, ಫೋಟೋನೂ ತಗೊಳ್ಳಿ. ಜೊತೆಗೆ ಬಗ್ಗಿ ಅದರ ಬ್ರೇಕನ್ನೂ ಒಮ್ಮೆ ನೋಡಿ. ಮನೆಗೆ ವಾಪಸ್ ಬರೋವಾಗ ನಿಮ್ಮ ಕಾರಿನ ಮುಂದೆ ರಸ್ತೆ ದಾಟೋರು ಯಾರಾದರೂ ಇದ್ದೇ ಇರ್ತಾರೆ.