ಅನಗವಾಡಿ ಸೇತುವೆಯಿಂದ ಒಂದು ಕಾನೂನಿನ ಕಥೆ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗೋರಿಗೆ ಅನಗವಾಡಿ ಅಂದ್ರೆ ಘಟಪ್ರಭಾ ಸೇತುವೆ. ಬಸ್ಸಿನ ಕಿಟಕಿಯಿಂದ ನೀರು ನೋಡಿ, ಮುಂದೆ ಹೋಗಿಬಿಡ್ತೀವಿ. ಇವತ್ತು ಸ್ವಲ್ಪ ಇಲ್ಲೇ ನಿಲ್ಲೋಣ.

ಮುಧೋಳ, ಜಮಖಂಡಿ, ಬೀಳಗಿ ಅಂದ್ರೆ ಕಬ್ಬಿನ ಸೀಮೆ. ಕಬ್ಬಿನಿಂದ ಸಕ್ಕರೆ, ಉಳಿದ ಕಾಕಂಬಿಯಿಂದ ಮದ್ಯಸಾರ. ಒಂದು ಲೀಟರ್ ಮದ್ಯಸಾರ ತಯಾರಿಸಿದರೆ ಸುಮಾರು 8ರಿಂದ 15 ಲೀಟರ್ ಕಂದು ಬಣ್ಣದ ತ್ಯಾಜ್ಯ ನೀರು ಉಳಿಯುತ್ತದೆ. ‘ಸ್ಪೆಂಟ್ ವಾಶ್’ ಅಂತಾರೆ. ಅದು ಹಾಗೇ ನದಿಗೆ ಸೇರಿದರೆ ನೀರಿನಲ್ಲಿರುವ ಆಮ್ಲಜನಕ ಖರ್ಚಾಗಿ ಮೀನು ಉಸಿರುಗಟ್ಟುತ್ತವೆ.

ಹಾಗಾದರೆ ಕಾರ್ಖಾನೆಗೆ ‘ಹೀಗೆ ಮಾಡು, ಇಲ್ಲಾಂದ್ರೆ ನಿಲ್ಲಿಸು’ ಎಂದು ಹೇಳುವ ಅಧಿಕಾರ ಯಾರಿಗಿದೆ? ಅದು ಬಂದದ್ದು ಯಾವಾಗ?

1974ರ ಮಾರ್ಚ್‌ನಲ್ಲಿ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ ಜಾರಿಗೆ ಬಂತು. ಮೊದಲ ಹಂತದಲ್ಲೇ ಅದನ್ನು ಒಪ್ಪಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಮಂಡಳಿ ಹುಟ್ಟಿತು. ತ್ಯಾಜ್ಯ ನೀರು ಬಿಡಲು ಮಂಡಳಿಯ ಸಮ್ಮತಿ ಬೇಕು, ಸಮ್ಮತಿಗೆ ಷರತ್ತುಗಳಿರುತ್ತವೆ. ಆದರೆ ನೀರು ಕೆಡುವ ಮೊದಲೇ ಕಾರ್ಖಾನೆಯನ್ನು ತಡೆಯಬೇಕೆಂದರೆ ಮಂಡಳಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕಿತ್ತು. ಕೋರ್ಟು ತನ್ನ ಗತಿಯಲ್ಲಿ, ಹೊಳೆ ತನ್ನ ಗತಿಯಲ್ಲಿ!

1984ರ ಡಿಸೆಂಬರ್‌ನಲ್ಲಿ ಭೋಪಾಲ್ ದುರಂತ ನಡೆಯಿತು. ಅದಾದ ಮೇಲೆ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಕಲಂ ಕೇಂದ್ರ ಸರ್ಕಾರಕ್ಕೆ ನೇರ ನಿರ್ದೇಶನದ ಅಧಿಕಾರ ಕೊಟ್ಟಿತು. 1988ರಲ್ಲಿ ಜಲ ಕಾಯ್ದೆಗೆ 33ಎ ಕಲಂ ಸೇರಿ, ಅದೇ ಅಧಿಕಾರ ಮಂಡಳಿಗೂ ಬಂತು: ಲಿಖಿತ ಆದೇಶದಿಂದ ಕಾರ್ಖಾನೆ ಮುಚ್ಚಿಸಬಹುದು, ಕರೆಂಟು, ನೀರು ಕಡಿತ ಮಾಡಿಸಬಹುದು.

ಇಲ್ಲೇ ಒಂದು ಸಂಕಟ ಇದೆ ನೋಡ್ರಿ. ಹಂಗಾಮಿನ ನಡುವೆ ಕಾರ್ಖಾನೆ ಬಂದ್ ಆದರೆ ಕಬ್ಬು ಹೊಲದಲ್ಲೇ ಒಣಗುತ್ತದೆ. ಬಂದ್ ಆಗದಿದ್ದರೆ ಹೊಳೆ ಕೆಡುತ್ತದೆ. ಕಬ್ಬು ಕಳಿಸೋನೂ, ಅದೇ ಹೊಳೆಗೆ ಎಮ್ಮೆ ಇಳಿಸೋನೂ ಒಬ್ಬನೇ ರೈತ. ಆದ್ದರಿಂದ ನನಗೆ ಆ ಕಲಮಿನಲ್ಲಿ ‘ಮುಚ್ಚು’ ಎನ್ನುವ ಪದಕ್ಕಿಂತ ‘ನಿಯಂತ್ರಿಸು’ ಎನ್ನುವ ಪದ ದೊಡ್ಡದಾಗಿ ಕಾಣುತ್ತದೆ. ತ್ಯಾಜ್ಯ ಇಡುವ ಹೊಂಡ ತುಂಬುವ ಮೊದಲೇ ‘ಉತ್ಪಾದನೆ ಇಳಿಸಿ, ಇಷ್ಟು ದಿನದಲ್ಲಿ ಇದನ್ನು ಸರಿಪಡಿಸಿ’ ಎನ್ನಬಹುದು. ಮೀನು ಸತ್ತ ಮೇಲೆ ಬರುವ ಆದೇಶ ಬರೀ ಶಿಕ್ಷೆ. ಮೊದಲೇ ಬಂದರೆ ಅದು ರಕ್ಷಣೆ.

ಮೊದಲೇ ಬರಬೇಕಾದರೆ ಯಾರಾದರೂ ಕೇಳಬೇಕಲ್ಲ? ಕಾಯ್ದೆಯ 25ನೇ ಕಲಮಿನಲ್ಲಿ ಹೆಚ್ಚು ಜನ ಓದದ ಮಾತೊಂದಿದೆ. ಸಮ್ಮತಿಯ ಷರತ್ತುಗಳನ್ನು ಮಂಡಳಿ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು, ಆ ನೀರಿನಿಂದ ಬಾಧಿತರಾದ ಯಾರು ಬೇಕಾದರೂ ಅದನ್ನು ನೋಡಬಹುದು. ಮುಚ್ಚಿಸುವ ಅಧಿಕಾರ 1988ರದು. ನೋಡುವ ಹಕ್ಕು 1974ರದು.

ಅನಗವಾಡಿ ದಾಟಿದ ಈ ನೀರು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಷ್ಟರೊಳಗೆ ಆ ರಿಜಿಸ್ಟರ್ ಯಾರಾದರೂ ತೆರೆದು ನೋಡಿರಲಿ ಅನ್ನೋದೇ ನನ್ನ ಆಸೆ. ಮುಂದಿನ ಕಂತಿನಲ್ಲಿ ಸಿಗೋಣ.