ಶಿಬಿರ ಮುಗಿದ ಮೇಲೆ ಉಳಿದ ನಂಟು

ಚಿತ್ರದುರ್ಗ ಜಿಲ್ಲೆಯ ಇತಿಹಾಸ ಎಂದೊಡನೆ ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ, ಹಿರಿಯೂರಿನ ಮಾರಿಕಣಿವೆ ನೆನಪಾಗುತ್ತವೆ. ಅವುಗಳ ಬಗ್ಗೆ ಬಲ್ಲವರು ಸಾಕಷ್ಟು ಬರೆದಿದ್ದಾರೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಾನು ಆರಿಸಿಕೊಂಡಿರುವುದು ಬೇರೊಂದು ಚಿಕ್ಕ ಇತಿಹಾಸ. ತಮ್ಮೂರು, ತಮ್ಮ ನಾಡು, ಕೆಲವೊಮ್ಮೆ ತಮ್ಮ ದೇಶವನ್ನೇ ಬಿಟ್ಟು ಬಂದು ಪರಊರಿನ ಮಕ್ಕಳಿಗಾಗಿ ದುಡಿದವರು, ಆ ಕೆಲಸ ಮುಗಿದ ಮೇಲೆ ನಂಟನ್ನು ಹೇಗೆ ಉಳಿಸಿಕೊಂಡರು ಎಂಬ ಇತಿಹಾಸ.

ಈ ವಿಷಯವನ್ನು ನನಗೆ ಕೊಟ್ಟವರು ನಮ್ಮ ಮಕ್ಕಳೇ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ತಾಲ್ಲೂಕುಗಳ ಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದ ವರ್ಷಗಳಲ್ಲಿ ಎಷ್ಟೋ ಕಾಲೇಜು ಶಿಬಿರಗಳನ್ನು ನೋಡಿದ್ದೇನೆ. ವಿದ್ಯಾರ್ಥಿಗಳು ಬರುತ್ತಾರೆ, ಚರಂಡಿ ಬಳಿಯುತ್ತಾರೆ, ಗಿಡ ನೆಡುತ್ತಾರೆ, ಮಕ್ಕಳಿಗೆ ಹಾಡು ಹೇಳಿಕೊಡುತ್ತಾರೆ, ಸಮಾರೋಪ ಮುಗಿಸಿ ಬಸ್ ಹತ್ತುತ್ತಾರೆ. ಮರುದಿನ ತರಗತಿಯಲ್ಲಿ ಒಂದಲ್ಲ ಒಂದು ಮಗು ಕೇಳಿಯೇ ಕೇಳುತ್ತದೆ: "ಸಾರ್, ಆ ಅಕ್ಕ ಮತ್ತೆ ಯಾವಾಗ ಬರ್ತಾರೆ?" ಇದು ಚಿಕ್ಕ ಪ್ರಶ್ನೆಯಲ್ಲ. ಸೇವೆ ಮಾಡಿದವರು ಎಣಿಸುವುದು ದಿನಗಳನ್ನು. ಸೇವೆ ಪಡೆದವರು ಎಣಿಸುವುದು ಅವರು ಮತ್ತೆ ಬಂದರೋ ಇಲ್ಲವೋ ಎಂಬುದನ್ನು.

ಮಿಷಿಗನ್ನಿನಿಂದ ಹುಬ್ಬಳ್ಳಿಗೆ

ನಮ್ಮ ಶಾಲೆಗಳಲ್ಲಿ ಭಾರತ ಸೇವಾದಳದ ಕವಾಯತು, ಧ್ವಜವಂದನೆ ಕಲಿತವರು ಬಹಳ ಮಂದಿ. ಅದರ ಮೂಲಪುರುಷ ಡಾ. ನಾ. ಸು. ಹರ್ಡೀಕರ್. ಹಿಂದಿನ ಬಿಜಾಪುರ ಜಿಲ್ಲೆಯ ತಿಡಗುಂದಿಯಲ್ಲಿ 1889ರಲ್ಲಿ ಹುಟ್ಟಿದ ಈ ವೈದ್ಯರು 1913ರಲ್ಲಿ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರ ಓದಿದರು. ಅಲ್ಲಿದ್ದಾಗ ಭಾರತೀಯ ವಿದ್ಯಾರ್ಥಿಗಳ ಸಂಘಟನೆಯಲ್ಲಿ ತೊಡಗಿ, ಲಾಲಾ ಲಜಪತರಾಯರ ಜೊತೆ ಹೋಂ ರೂಲ್ ಕೆಲಸವನ್ನೂ ಮಾಡಿದರು.

ಅಲ್ಲಿಯೇ ನೆಲೆಸುವ ಅವಕಾಶವಿದ್ದರೂ ಹಿಂದಿರುಗಿ ಹುಬ್ಬಳ್ಳಿಯಲ್ಲಿ ಯುವಕರನ್ನು ಕೂಡಿಸಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಸೇರಿದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮಾಪಣೆ ಬರೆದುಕೊಡಲು ಒಪ್ಪಲಿಲ್ಲ. ಆ ಗಟ್ಟಿತನವೇ ಅದೇ ವರ್ಷದ ಕಾಕಿನಾಡ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳ ರೂಪುಗೊಳ್ಳಲು ಕಾರಣವಾಯಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ಹರ್ಡೀಕರರ ಸ್ವಯಂಸೇವಕರ ಶಿಸ್ತನ್ನು ದೇಶವೇ ಕಂಡಿತು.

ಈ ಕಥೆಗೆ ನಮ್ಮ ಜಿಲ್ಲೆಯ ಎಳೆಯೂ ಇದೆ. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಮೊದಮೊದಲು ಕಾಂಗ್ರೆಸ್ ಅಧಿವೇಶನಗಳಿಗೆ ಪ್ರೇಕ್ಷಕರಾಗಿ ಹೋಗುತ್ತಿದ್ದರು. 1936ರಲ್ಲಿ ಹರ್ಡೀಕರರ ಸಂಪರ್ಕಕ್ಕೆ ಬಂದ ಮೇಲೆ ಅವರು ಸಂಘಟನೆಗೆ ಇಳಿದದ್ದು ಸ್ವಯಂಸೇವಕರಾಗಿ. ಮುಖ್ಯಮಂತ್ರಿ ಪದವಿ, ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷತೆ ಎಲ್ಲ ಆಮೇಲಿನ ಮಾತು. ವಿದೇಶದಲ್ಲಿ ಓದಿ ಬಂದ ಒಬ್ಬರು ಹಚ್ಚಿದ ದೀಪ ಊರಿಂದೂರಿಗೆ ಹೀಗೆ ಸಾಗಿತು.

ಮಲ್ಲಾಡಿಹಳ್ಳಿ ಉಳಿಸಿಕೊಂಡ ಅತಿಥಿ

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ 1943ರಲ್ಲಿ ಯೋಗ ಶಿಬಿರ ನಡೆಸಲು ಒಬ್ಬರು ಬಂದರು. ಕರಾವಳಿಯ ಬಾರಕೂರಿನ ಕಡೆಯವರು, ದೇಶ ಸುತ್ತಿ ವ್ಯಾಯಾಮ, ಯೋಗ, ಆಯುರ್ವೇದ ಕಲಿತವರು. ಅವರೇ ಮುಂದೆ 'ತಿರುಕ' ಎಂಬ ಹೆಸರಿನಲ್ಲಿ ಬರೆದ ರಾಘವೇಂದ್ರ ಸ್ವಾಮೀಜಿ. ಶಿಬಿರ ಮುಗಿದ ಮೇಲೆ ಮುಂದಿನ ಊರಿಗೆ ಹೋಗಬೇಕಾಗಿದ್ದವರನ್ನು ಊರವರು ಬಿಡಲಿಲ್ಲ. ಅಲ್ಲಿಯೇ ಅನಾಥ ಸೇವಾಶ್ರಮ ಹುಟ್ಟಿತು. ಜೋಳಿಗೆ ಹಿಡಿದು ಬೇಡಿ ತಂದದ್ದರಲ್ಲಿ ಮಕ್ಕಳಿಗೆ ಅನ್ನ, ಶಾಲೆ, ರೋಗಿಗಳಿಗೆ ಔಷಧಿ ನಡೆಯಿತು. ಆಯುರ್ವೇದ ಕಾಲೇಜೂ ಬೆಳೆಯಿತು. 1996ರ ಆಗಸ್ಟ್ 31ರಂದು ನೂರು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಕೆಲವು ದಿನಗಳಿಗೆಂದು ಬಂದ ಅತಿಥಿ ಆ ಊರಿನಲ್ಲಿ ಅರ್ಧ ಶತಮಾನವನ್ನೇ ಕಳೆದಿದ್ದರು.

ಮಲ್ಲಾಡಿಹಳ್ಳಿಯ ಕಥೆಯಲ್ಲಿ ಸ್ವಾಮೀಜಿಯ ತ್ಯಾಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು ಊರಿನವರ ಪಾಲು. ಬಂದವರನ್ನು "ಇಲ್ಲೇ ಇರಿ" ಎಂದು ಕೇಳುವ ಧೈರ್ಯ ಅವರಿಗಿತ್ತು. ನಂಟು ಎನ್ನುವುದು ಕೊಡುವವರು ಒಬ್ಬರೇ ಕಟ್ಟುವ ಗೋಡೆಯಲ್ಲ, ಆಚೆ ಕಡೆಯಿಂದಲೂ ಕಲ್ಲು ಬರಬೇಕು.

ಚೀಲದ ಮೇಲಿನ ಎರಡು ಕೈ

ನಮ್ಮ ತಲೆಮಾರಿನವರಿಗೆ ಇನ್ನೊಂದು ನೆನಪಿದೆ. ಅರವತ್ತು, ಎಪ್ಪತ್ತರ ದಶಕದಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಹಳದಿ ಉಪ್ಪಿಟ್ಟು, ಪುಡಿಯಿಂದ ಕದಡಿದ ಹಾಲು ಕೊಡುತ್ತಿದ್ದರು. ಊರಿನವರ ಬಾಯಲ್ಲಿ ಅದು 'ಕೇರ್ ಉಪ್ಪಿಟ್ಟು'. ಎರಡನೆಯ ಮಹಾಯುದ್ಧದಿಂದ ನೊಂದ ಯುರೋಪಿಗೆ ಆಹಾರದ ಪೊಟ್ಟಣ ಕಳಿಸಲು 1945ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ ಕೇರ್. ಮುಂದೆ ಅದರ ನೆರವು ನಮ್ಮ ಹಳ್ಳಿ ಶಾಲೆಗಳಿಗೂ ತಲುಪಿತು. ಅಮೆರಿಕದ ಆ ನೆರವಿನ ಚೀಲಗಳ ಮೇಲೆ ಕೈಗೆ ಕೈ ಕೂಡಿಸಿದ ಚಿತ್ರವಿರುತ್ತಿತ್ತು. ಖಾಲಿ ಚೀಲವನ್ನು ಮಳೆಗಾಲದಲ್ಲಿ ಕೊಪ್ಪೆ ಮಾಡಿಕೊಂಡು ತಲೆಗೆ ಹಾಕಿಕೊಂಡವರಲ್ಲಿ ನಾನೂ ಒಬ್ಬ.

ಆ ಉಪ್ಪಿಟ್ಟು ಎಷ್ಟೋ ಮಕ್ಕಳನ್ನು ಶಾಲೆಯಲ್ಲಿ ಉಳಿಸಿತು, ಅದನ್ನು ಮರೆಯಬಾರದು. ಆದರೆ ಆ ಚೀಲದ ಎರಡು ಕೈಗಳಲ್ಲಿ ಒಂದು ಯಾರದೆಂದು ನಮಗೆ ಗೊತ್ತಾಗಲಿಲ್ಲ, ಇನ್ನೊಂದು ನಮ್ಮದೆಂದು ಅವರಿಗೂ ಗೊತ್ತಾಗಲಿಲ್ಲ. ಹೊಟ್ಟೆ ತುಂಬಿತು, ಪರಿಚಯವಾಗಲಿಲ್ಲ.

ಕನ್ನಡ ಕಲಿತು ಬಂದವರು

ಅದೇ ಕಾಲದಲ್ಲಿ ಅದೇ ದೇಶದಿಂದ ಚೀಲಗಳ ಜೊತೆಗೆ ಮನುಷ್ಯರೂ ಬಂದರು. 1960ರ ಅಕ್ಟೋಬರ್ 14ರ ನಡುರಾತ್ರಿ, ಚುನಾವಣಾ ಪ್ರಚಾರದಲ್ಲಿದ್ದ ಜಾನ್ ಕೆನಡಿ ಮಿಷಿಗನ್ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ನಿಂತು, ಬಡ ದೇಶಗಳಲ್ಲಿ ದುಡಿಯಲು ನಿಮ್ಮಲ್ಲಿ ಎಷ್ಟು ಜನ ಸಿದ್ಧರಿದ್ದೀರಿ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಹರ್ಡೀಕರರು ಓದಿದ್ದೂ ಅದೇ ವಿಶ್ವವಿದ್ಯಾಲಯದಲ್ಲಿ. ವಿದ್ಯಾರ್ಥಿಗಳು ನೂರಾರು ಸಹಿ ಕೂಡಿಸಿ ಉತ್ತರ ಕೊಟ್ಟರು. 1961ರ ಮಾರ್ಚ್ 1ರಂದು ಪೀಸ್ ಕೋರ್, ಎಂದರೆ ಶಾಂತಿ ದಳ, ಸ್ಥಾಪನೆಯಾಯಿತು. ಅದೇ ಡಿಸೆಂಬರಿನಲ್ಲಿ ಮೊದಲ ತಂಡ ಪಂಜಾಬಿಗೆ ಬಂತು. ನಮ್ಮ ಮೈಸೂರು ರಾಜ್ಯಕ್ಕೂ ತಂಡಗಳು ಬಂದವು. 1976ರಲ್ಲಿ ಭಾರತದ ಕಾರ್ಯಕ್ರಮ ನಿಲ್ಲುವವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಇಲ್ಲಿ ದುಡಿದರು. ಹೆಚ್ಚಿನವರು ಆಗತಾನೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಕೋಳಿ ಸಾಕಣೆ, ಕೃಷಿ, ಆರೋಗ್ಯ, ಶಾಲೆ ಅವರ ಕ್ಷೇತ್ರಗಳು. ಅವರನ್ನು ಅನುಮಾನದಿಂದ ನೋಡಿದವರೂ ಇದ್ದರು; ಎರಡು ದೇಶಗಳ ರಾಜಕೀಯ ಕೆಟ್ಟಾಗಲೆಲ್ಲ ಆ ಅನುಮಾನ ಹೆಚ್ಚುತ್ತಿತ್ತು.

ಅವರು ಬರುವ ಮೊದಲು ಇಲ್ಲಿನ ಭಾಷೆ ಕಲಿಯಬೇಕಿತ್ತು. ಭಾರತಕ್ಕೆ ಹೊರಡುವವರಿಗೆ ತರಬೇತಿ ಕೊಟ್ಟ ವಿಶ್ವವಿದ್ಯಾಲಯಗಳಲ್ಲಿ ವಿಸ್ಕಾನ್ಸಿನ್ ಒಂದು. ವಿಲಿಯಂ ಮೆಕಾರ್ಮಕ್ ಅವರು ನಮ್ಮ ವಿಮರ್ಶಕ ಎಂ. ಜಿ. ಕೃಷ್ಣಮೂರ್ತಿಯವರ ಜೊತೆಗೂಡಿ ಸಿದ್ಧಪಡಿಸಿದ ಆಡುಮಾತಿನ ಕನ್ನಡದ ಪಠ್ಯ 1966ರಲ್ಲಿ ಪ್ರಕಟವಾದದ್ದು ಅದೇ ವಿಶ್ವವಿದ್ಯಾಲಯದಿಂದ. ಗ್ರಂಥದ ಕನ್ನಡವಲ್ಲ, ಸಂತೆಯಲ್ಲಿ, ಜಗಲಿಯಲ್ಲಿ ಆಡುವ ಕನ್ನಡ. ಭಾಷೆ ಕಲಿತವನಿಗೆ ಮಗುವಿನ ಹೆಸರು ಬಾಯಿಗೆ ಬರುತ್ತದೆ. ಹೆಸರು ಗೊತ್ತಾದ ಮೇಲೆ ಮರೆಯುವುದು ಕಷ್ಟ.

ಎರಡು ವರ್ಷ ಕಳೆದು ಊರಿಗೆ ಮರಳಿದವರು ಏನು ಮಾಡಿದರು? ಆಗ ಇದ್ದದ್ದು ನೀಲಿ ಏರೋಗ್ರಾಂ ಕಾಗದ ಮಾತ್ರ. ಆದರೂ ಅವರು ಕೂಡಿ ಬಂದರು. 1979ರಲ್ಲಿ ಹಿಂದಿರುಗಿದ ಸ್ವಯಂಸೇವಕರ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ನೇಪಾಳದಲ್ಲಿದ್ದವರು 'ನೇಪಾಳದ ಸ್ನೇಹಿತರು', ಕೀನ್ಯಾದಲ್ಲಿದ್ದವರು 'ಕೀನ್ಯಾದ ಸ್ನೇಹಿತರು' ಹೀಗೆ ತಾವು ದುಡಿದ ನೆಲದ ಹೆಸರಿನಲ್ಲೇ ಗುಂಪುಗಳಾದವು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ಗುಂಪು 1988ರಿಂದ ಪ್ರತಿ ವರ್ಷ ಒಂದು ಗೋಡೆ ಕ್ಯಾಲೆಂಡರ್ ತರುತ್ತಿದೆ. ತಾವು ಸೇವೆ ಮಾಡಿದ ದೇಶಗಳ ಚಿತ್ರಗಳು, ಅಲ್ಲಿನ ಹಬ್ಬದ ದಿನಗಳು ಅದರಲ್ಲಿರುತ್ತವೆ. ಅದನ್ನು ಮಾರಿ ಬಂದ ಹಣದಿಂದ ಇದುವರೆಗೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ನೆರವು ಕೊಟ್ಟಿದ್ದಾರೆ. ಎಷ್ಟು ಸಾಧಾರಣ ಕೆಲಸ ನೋಡಿ! ದೊಡ್ಡ ದಾನಿ ಇಲ್ಲ, ಕಟ್ಟಡವಿಲ್ಲ. ವರ್ಷಕ್ಕೊಂದು ಕ್ಯಾಲೆಂಡರ್, ತಪ್ಪದೆ.

ಮುಂಬಯಿಯ ವಿಕ್ರೋಲಿಯಲ್ಲಿ 1966ರಿಂದ ದುಡಿದ ಲಿಲಿಯನ್ ಕಾರ್ಟರ್ ವಿದ್ಯಾರ್ಥಿಯಲ್ಲ, 68 ವರ್ಷದ ಅಜ್ಜಿ, ವೃತ್ತಿಯಲ್ಲಿ ನರ್ಸ್. ದವಾಖಾನೆಯ ಕೆಲಸದ ನಡುವೆ ಮಾಲಿಯ ಮಗಳಿಗೆ ಓದು ಕಲಿಸಿದರು ಎಂದು ಅವರ ಮಗ ಜಿಮ್ಮಿ ಕಾರ್ಟರ್ ಮುಂದೆ ನೆನೆದಿದ್ದಾರೆ. ಮಗ ಅಮೆರಿಕದ ಅಧ್ಯಕ್ಷರಾದ ಮೇಲೆ, 1977ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರ ಅಂತ್ಯಕ್ರಿಯೆಗೆ ದೇಶದ ಪ್ರತಿನಿಧಿಯಾಗಿ ಬಂದ ಆ ತಾಯಿ, ವಿಕ್ರೋಲಿಗೂ ಹೋಗಿ ಹಳೆಯ ಪರಿಚಯದವರನ್ನು ಕಂಡೇ ಹೋದರು. ಮತ್ತೆ ಬರುತ್ತಾರೆಯೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತ್ತು.

ನಮ್ಮಲ್ಲಿ

ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಇಂದು ಎನ್.ಎಸ್.ಎಸ್. ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು, ಒಂದು ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. ಗಂಟೆಗಳಿಗೆ ಪುಸ್ತಕವಿದೆ, ಪ್ರಮಾಣಪತ್ರವಿದೆ. ಶಿಬಿರದ ಊರಿಗೆ ಮತ್ತೊಮ್ಮೆ ಹೋಗಿದ್ದನ್ನು ಬರೆಯಲು ಆ ಪುಸ್ತಕದಲ್ಲಿ ಕಾಲಂ ಇದ್ದರೆ ಎಷ್ಟು ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಈ ಎಲ್ಲ ಕಥೆಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ಕಾಣುವುದಿಷ್ಟು. ನಂಟು ಉಳಿದದ್ದು ಹಣ ಹೆಚ್ಚು ಇದ್ದ ಕಡೆಯಲ್ಲ. ಹೆಸರು ಗೊತ್ತಿದ್ದ ಕಡೆ, ವಿಳಾಸ ಕಾಪಾಡುವವರಿದ್ದ ಕಡೆ, ವರ್ಷಕ್ಕೊಮ್ಮೆ ತಪ್ಪದೆ ಮಾಡುವ ಒಂದು ಸಣ್ಣ ಕೆಲಸವಿದ್ದ ಕಡೆ, ಮತ್ತು ಮಲ್ಲಾಡಿಹಳ್ಳಿಯಂತೆ ಪಡೆದವರಿಗೂ ಕರೆಯುವ ಹಕ್ಕಿದ್ದ ಕಡೆ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಸೇವೆ ಮಾಡಿದವರ ಹೆಸರು, ಪತ್ರ, ಫೋಟೋ ಸಿಗುತ್ತವೆ. ಆ ಮಕ್ಕಳು ಮುಂದೆ ಏನಾದರು, ಬಂದವರ ಬಗ್ಗೆ ಏನು ನೆನಪಿಟ್ಟುಕೊಂಡರು ಎಂಬುದನ್ನು ಬರೆದಿಟ್ಟವರು ಕಡಿಮೆ. ಆ ಅರ್ಧ ಇತಿಹಾಸ ನಮ್ಮಂಥ ಊರುಗಳಲ್ಲಿದೆ, ನಮ್ಮ ಹಿರಿಯರ ನೆನಪಿನಲ್ಲಿದೆ. ಅವರಿರುವಾಗಲೇ ಕೇಳಿ ಬರೆದಿಡಬೇಕು. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಇತಿಹಾಸದ ಯೋಜನಾ ಕಾರ್ಯ ಬೇರೆ ಯಾವುದಿದೆ?

ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಹೊರಟವರು ಬೆಂಗಳೂರು, ದುಬೈ, ಅಮೆರಿಕ ಎಂದು ಎಲ್ಲೆಲ್ಲೋ ಇದ್ದಾರೆ. ಮಹೋತ್ಸವಕ್ಕೆ ಬಂದು ಶಾಲು ಹೊದ್ದು, ಊಟ ಮಾಡಿ, ಫೋಟೋ ತೆಗೆಸಿಕೊಂಡು ಹೋಗುವುದು ಸಂತೋಷವೇ. ಅದರ ಜೊತೆಗೆ ನನ್ನದೊಂದು ಕೋರಿಕೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಹಳೆಯ ವಿದ್ಯಾರ್ಥಿಗಳ ವಿಳಾಸದ ಒಂದು ದಪ್ಪ ರಿಜಿಸ್ಟರ್ ಇಡೋಣ. ಅದರ ಇನ್ನೊಂದು ಪ್ರತಿ ಎಸ್‌ಡಿಎಂಸಿಯವರ ಹತ್ತಿರ ಇರಲಿ. ಪ್ರತಿ ವರ್ಷ ಹತ್ತನೆಯ ತರಗತಿಯ ಮಕ್ಕಳು ಅದರಲ್ಲಿರುವವರಿಗೆ ಒಂದೊಂದು ಕಾಗದ ಬರೆಯಲಿ. ಕಾಗದ ತಲುಪಿದವರು ವರ್ಷಕ್ಕೊಂದು ದಿನ ಅದೇ ತರಗತಿಗೆ ಬಂದು ಒಂದು ಪಾಠ ಮಾಡಲಿ. ದೂರದಲ್ಲಿರುವವರು ಉತ್ತರವನ್ನಾದರೂ ಬರೆಯಲಿ. ಕಟ್ಟಡಕ್ಕೆ, ಕಂಪ್ಯೂಟರಿಗೆ ಹಣ ಕೊಡುವವರು ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಕೊಟ್ಟವರ ಮುಖ ಮಕ್ಕಳಿಗೆ ಗೊತ್ತಿರಲಿ, ಮಕ್ಕಳ ಹೆಸರು ಅವರಿಗೆ ಗೊತ್ತಿರಲಿ.

ಶಾಲೆಗೆ ನೂರು ತುಂಬಿದಾಗ ಸಂಚಿಕೆ ತರುವವರಿಗೆ ಆ ರಿಜಿಸ್ಟರ್ ಬೇಕಾಗುತ್ತದೆ. ಅದರ ಮೊದಲ ಪುಟವನ್ನು ಈ ವರ್ಷವೇ ಬರೆಯೋಣ.