ಕೂನೂರು ನಿಲ್ದಾಣದ ಮಾದರಿ: ಯಾವ ವರ್ಷದ್ದು?



ಕ್ರಿಸ್‌ಮಸ್‌ಗೆ ಗೋದಲಿ ಕಟ್ಟುವ ನಮಗೆ ರಟ್ಟು, ಥರ್ಮಾಕೋಲ್, ಅಂಟು ಹೊಸದಲ್ಲ. ಅದೇ ಸಾಮಾನಿನಲ್ಲಿ ನೀಲಗಿರಿಯ ಕೂನೂರು ರೈಲು ನಿಲ್ದಾಣದ ಮಾದರಿಯನ್ನೂ ಮಾಡಬಹುದು. ಆದರೆ ಕತ್ತರಿ ಹಿಡಿಯುವ ಮೊದಲು ಯಾವ ವರ್ಷದ ನಿಲ್ದಾಣ ಎಂದು ತೀರ್ಮಾನಿಸಬೇಕು.

ಮೆಟ್ಟುಪಾಳಯಂನಿಂದ ಕೂನೂರಿಗೆ ರೈಲು ಬಂದದ್ದು 1899ರಲ್ಲಿ. ಹಳಿ ಊಟಿ ಮುಟ್ಟಿದ್ದು 1908ರಲ್ಲಿ. ನಡುವಿನ ಒಂಬತ್ತು ವರ್ಷ ಕೂನೂರೇ ಕೊನೆಯ ನಿಲ್ದಾಣ. ಊಟಿಗೆ ಹೋಗುವ ರೈಲು ಇಂದಿಗೂ ಇಲ್ಲಿ ಸ್ವಲ್ಪ ದೂರ ಹಿಂದಕ್ಕೆ ಸರಿದು, ಆಮೇಲೆ ಮೇಲೆ ಹತ್ತುತ್ತದೆ. 1905ರ ಮಾದರಿಯಾದರೆ ಊಟಿಯ ರೈಲನ್ನು ನಿಲ್ಲಿಸುವಂತಿಲ್ಲ, ಡೀಸೆಲ್ ಎಂಜಿನ್ನನ್ನೂ ಇಡುವಂತಿಲ್ಲ.

ಅಳತೆಗೆ 1:100 ಸುಲಭ. ಒಂದು ಮೀಟರ್ ಅಗಲದ ಹಳಿದಾರಿ 10 ಮಿ.ಮೀ. ಆಗುತ್ತದೆ. ಕಲ್ಲಾರಿನಿಂದ ಬರುವ ದಾರಿ ಅತಿ ಕಡಿದಾದಲ್ಲಿ 12.5 ಮೀಟರಿಗೆ ಒಂದು ಮೀಟರ್ ಏರುತ್ತದೆ. ಹಾಗಾಗಿ ಹಲಗೆಯನ್ನು ಅಲ್ಲಿ ಮೀಟರಿಗೆ 8 ಸೆಂ.ಮೀ. ಎತ್ತರಿಸಬೇಕು. ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಗಾಡಿಯನ್ನು ಹಿಂದಿನಿಂದ ತಳ್ಳುತ್ತದೆ. ಆ ಪಟ್ಟಿ ಕೂನೂರಿಗೆ ಮುಗಿಯುತ್ತದೆ. ಊಟಿಯ ಕಡೆಗೆ ಅದನ್ನು ಅಂಟಿಸಬೇಡಿ.

ಈ ರೈಲುದಾರಿ 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿ ದಾರಿಯ ಹೆಸರಿದೆ, ದುಡಿದವರ ಹೆಸರಿಲ್ಲ. ನಮ್ಮ ಮಾದರಿಯಲ್ಲಾದರೂ ಕಲ್ಲಿದ್ದಲು ಹಾಕುವವರಿಗೆ, ಬೋಗಿಯ ಬ್ರೇಕ್ ಹಿಡಿದು ನಿಲ್ಲುವವರಿಗೆ ಜಾಗವಿರಲಿ. ಒಬ್ಬೊಬ್ಬರಿಗೆ 17 ಮಿ.ಮೀ. ಎತ್ತರದ ಗೊಂಬೆ ಸಾಕು. ನೋಡಲು ಬರುವ ಮಕ್ಕಳು ನಾವು ಇಟ್ಟದ್ದನ್ನೇ ಚರಿತ್ರೆ ಎಂದು ನಂಬಿ ಮನೆಗೆ ಹೋಗುತ್ತಾರೆ.